ಹದಿನೈದು ಕಿಲೋ ಹಳೇ ಸಾಮಾನು

ಮನೆ ಬದಲಾಯಿಸುವವರ ಸಾಮಾನು ಕಟ್ಟಿ, ಲಾರಿಗೆ ಏರಿಸಿ, ಹೊಸ ಮನೆಯಲ್ಲಿ ಇಳಿಸಿ ಬಿಚ್ಚಿಕೊಡುವ ಕಂಪನಿಯಲ್ಲಿ ಮೇಸ್ತ್ರಿಗೆ ಇಪ್ಪತ್ತಾರು ವರ್ಷ ಸರ್ವೀಸು. ಪಿಂಗಾಣಿ ತಟ್ಟೆಯಿಂದ ಹಿಡಿದು ಪಿಯಾನೋ ತನಕ ಎಲ್ಲ ಕಟ್ಟಿದ್ದಾನೆ. ಅವನ ಕೈಯಲ್ಲಿ ಮುರಿದದ್ದು ಒಂದೇ ಒಂದು, ಒಬ್ಬ ಗಿರಾಕಿಯ ಕಾಲಿನ ಹೆಬ್ಬೆರಳು. ಅದಕ್ಕೂ ತಪ್ಪು ಗಿರಾಕಿಯದೇ ಅನ್ನಿ. ಬೀರು ಇಳಿಸುವ ಹೊತ್ತಿಗೆ ಅಡಿಯಲ್ಲಿ ಕಾಲಿಟ್ಟುಕೊಂಡು ಬುದ್ಧಿ ಹೇಳೋಕೆ ಬಂದಿದ್ದ.

ಇಂಥ ಮೇಸ್ತ್ರಿಗೆ ತನ್ನದೇ ಒಂದು ಸಿದ್ಧಾಂತವಿತ್ತು. ಓದಿ ಬಂದದ್ದಲ್ಲ, ಡಬ್ಬ ಕಟ್ಟಿ ಕಟ್ಟಿ ಬಂದದ್ದು. ಹೋಗಿ ವಾಪಸ್ ಬರುವವರು ಹೊಸದನ್ನು ತುಂಬಿಕೊಂಡು ಹೋಗ್ತಾರೆ. ಹೊಸ ಬಟ್ಟೆ, ಹೊಸ ಚಪ್ಪಲಿ, ಬೆಲೆಚೀಟಿ ಕೀಳದ ಟವೆಲ್. ಇನ್ನು ಈ ಮನೆ ಹೊಸ್ತಿಲು ತುಳಿಯೋದಿಲ್ಲ ಅಂತ ಹೊರಟವರು ಹಳೇದನ್ನು ಹೊತ್ತೊಯ್ತಾರೆ. ಹಿಡಿ ಕಿತ್ತ ಬಾಣಲೆ, ತೂತು ಬಿದ್ದ ಹೊದಿಕೆ, ಬಣ್ಣ ಹೋದ ದಿಂಬು. ಹೊಸದು ಯಾವ ಅಂಗಡಿಯಲ್ಲಾದರೂ ಸಿಗುತ್ತೆ, ಹಳೇದು ಎಲ್ಲಿ ಸಿಗಬೇಕು? ಮೂರು ಮನೆಗಳಲ್ಲಿ ಹೆಂಡತಿ ಬಿಟ್ಟು ಹೋಗ್ತಿದ್ದಾಳೆ ಅನ್ನೋದು ಗಂಡನಿಗಿಂತ ಮೊದಲು ಮೇಸ್ತ್ರಿಗೇ ಗೊತ್ತಾಗಿತ್ತು. ಆ ಗಂಡಂದಿರು "ಎರಡೇ ತಿಂಗಳು, ತವರಿಗೆ" ಅಂತ ಹಲ್ಲು ಕಿರಿದುಕೊಂಡು ನಿಂತಿದ್ದರೆ, ಇವನು ಪಾಪ ಪಾಪ ಅಂದುಕೊಳ್ಳುತ್ತಾ ಡಬ್ಬಕ್ಕೆ ಟೇಪು ಸುತ್ತಿದ್ದ.

ಈಗ ನೋಡಿದರೆ ಅವನ ಸ್ವಂತ ಮಂಚದ ಮೇಲೇ ಹಳೇ ಸಾಮಾನಿನ ಗುಡ್ಡೆ!

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಇಪ್ಪತ್ತೆರಡು ವರ್ಷ ಮೀಸೆ ಮೂಡದ ಡಾಕ್ಟರುಗಳಿಂದ ಬೈಸಿಕೊಂಡು ಬೈಸಿಕೊಂಡು ಸಾಕಾಗಿ, ಎಲ್ಲೋ ಸಮುದ್ರದ ನಡುವಿನ ದ್ವೀಪಕ್ಕೆ ತಾನಾಗಿ ಕೇಳಿಕೊಂಡು ಹೊರಟಿದ್ದಳು, ಒಂದು ವರ್ಷದ ಮಟ್ಟಿಗೆ. ಅಲ್ಲಿರೋದು ತೆಂಗಿನಮರ, ಏಡಿ, ಸೆಕೆ, ಮುನ್ನೂರು ಜನ, ಒಂದು ಪುಟ್ಟ ಚಿಕಿತ್ಸಾಲಯ. ಡಾಕ್ಟರಿಲ್ಲ. ಇವಳೇ ಎಲ್ಲ. ಹದಿನೈದು ದಿನಕ್ಕೊಮ್ಮೆ, ಅದೂ ಗಾಳಿ ಮನಸ್ಸು ಮಾಡಿದರೆ, ಎಂಟು ಸೀಟಿನ ಒಂದು ವಿಮಾನ. ತಲೆಗೆ ಹದಿನೈದು ಕಿಲೋ ಸಾಮಾನು, ಒಂದು ಗ್ರಾಂ ಜಾಸ್ತಿ ಇಲ್ಲ.

"ಕೊಡೇ ಇಲ್ಲಿ, ನಾನು ಕಟ್ತೀನಿ" ಅಂದಿದ್ದ ಮೇಸ್ತ್ರಿ.

"ಬೇಡಪ್ಪಾ ಬೇಡ. ನಿಮ್ಮ ಕೈಗೆ ಕೊಟ್ರೆ ಹದಿನೈದು ಕಿಲೋದಲ್ಲಿ ಹನ್ನೆರಡು ಕಿಲೋ ರಟ್ಟು, ಥರ್ಮೋಕೋಲೇ ಇರುತ್ತೆ."

ಹಾಗಂದು ಅವಳು ಒಂದೊಂದನ್ನೇ ವಾರ್ಡಿಗೆ ಒಯ್ದು, ಕೂಸುಗಳನ್ನು ತೂಗುವ ತಕ್ಕಡಿಯಲ್ಲಿ ತೂಗಿ, ಹದಿನಾಲ್ಕು ಕಿಲೋ ಎಂಟುನೂರು ಗ್ರಾಂಗೆ ಸರಿ ಮಾಡಿದ್ದಳು. ಆ ಗುಡ್ಡೆಯಲ್ಲಿ ಏನಿತ್ತು? ತೊಳೆದು ತೊಳೆದು ಈರುಳ್ಳಿ ಸಿಪ್ಪೆಯಂತಾದ ನೈಟಿಗಳು. ಹಿಮ್ಮಡಿ ಸವೆದ ಚಪ್ಪಲಿ. ಕಡ್ಡಿ ಮುರಿದ ಛತ್ರಿ. ಮದುವೆಯಾದ ವರ್ಷ ಇಬ್ಬರೂ ಕೂಡಿ ಕೊಂಡ ಹೊದಿಕೆ. ಆ ಹೊದಿಕೆ ಕಂಡದ್ದೇ ಮೇಸ್ತ್ರಿ ಅದರ ತುದಿ ಎತ್ತಿ ಹಿಡಿದ.

"ಇದೆಲ್ಲಾ ಯಾಕೇ?"

"ಅಲ್ಲಿ ನನ್ನ ಯಾರು ನೋಡ್ಬೇಕು ರೀ? ಏಡಿಗಳಾ?"

ಇನ್ನೊಂದು ಮಾತು ಕೇಳಿದ್ದರೆ ಎಲ್ಲ ಬಗೆಹರಿಯುತ್ತಿತ್ತು. ಕೇಳಬೇಕಲ್ಲ! ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಈ ಮಹಾನುಭಾವ ಗಡ್ಡ ಕೆರೆದುಕೊಂಡು ಹೊರಗೆ ಹೋದ. ಹೊರಗೆ ಅವನ ಅಕ್ಕ ಕೂತಿದ್ದಳು. ಪಕ್ಕದ ಬೀದಿಯವಳು, ಉರಿಯೋ ಬೆಂಕಿಗೆ ತುಪ್ಪ ಸುರಿಯೋಕೆ ಅಂತಲೇ ಹುಟ್ಟಿದವಳು.

"ಲೋ, ಮಕ್ಕಳಿಲ್ಲ ಮರಿಯಿಲ್ಲ, ಅವಳನ್ನ ಇಲ್ಲಿಗೆ ಎಳೆಯೋಕೆ ಏನಿದೆಯೋ?" ಅಂದಳು. "ನಿನ್ನ ಮುಖ ನೋಡೋಕೆ ಅಷ್ಟು ದೂರದಿಂದ ಬರ್ತಾಳಾ? ನಾನಾಗಿದ್ರೆ ಬರ್ತಿರ್ಲಿಲ್ಲ."

ಹೊರಡುವ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಳು. ಬಚ್ಚಲಲ್ಲಿ ನೀರಿನ ಸದ್ದು ಶುರುವಾಗಿದ್ದೇ ತಡ, ಮೇಸ್ತ್ರಿ ಬ್ಯಾಗಿನ ಜಿಪ್ಪು ಎಳೆದ. ಹಳೇದನ್ನೆಲ್ಲ ಮಂಚದ ಕೆಳಗೆ ತಳ್ಳಿದ. ಹಿಂದಿನ ದಿನವೇ ತಂದು ಬಚ್ಚಿಟ್ಟಿದ್ದ ಹೊಸ ಸಾಮಾನು ತೆಗೆದು ತುಂಬಿದ: ದಪ್ಪನೆ ಟವೆಲ್ಲು, ಹೊಸ ಹೊದಿಕೆ, ಹೊಸ ಬೂಟು, ಮಡಿಸುವ ಛತ್ರಿ, ನಾಲ್ಕು ಸೀರೆ. ತಳದಲ್ಲಿದ್ದ ಔಷಧಿ ಡಬ್ಬ, ದಪ್ಪ ಪುಸ್ತಕಗಳು, ಮೇಲಿನ ಪದರ ಮಾತ್ರ ಅವಳು ಇಟ್ಟ ಹಾಗೇ ಇಟ್ಟ. ಏಳು ನಿಮಿಷದಲ್ಲಿ ಮುಗಿಸಿದ. ಹೊಸದು ತಗೊಂಡು ಹೋದವರು ವಾಪಸ್ ಬರ್ತಾರೆ ಅಂತ ಅವನಿಗೆ ಗ್ಯಾರಂಟಿ ಇತ್ತು. ತೂಕ ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಲಾರಿಗೆ ಸಾಮಾನು ಏರಿಸುವವನು ಜಾಗ ನೋಡ್ತಾನೆಯೇ ಹೊರತು ಗ್ರಾಂ ಎಣಿಸ್ತಾನೆಯೇ?

ವಿಮಾನ ನಿಲ್ದಾಣ ಅಂದರೆ ಒಂದು ತಗಡಿನ ಶೆಡ್ಡು, ಒಂದು ಫ್ಯಾನು, ಒಂದು ತಕ್ಕಡಿ. ತಕ್ಕಡಿಯವನು ಬ್ಯಾಗು ಇಟ್ಟು ನೋಡಿ, "ಹದಿನೇಳು ನಾನೂರು. ತೆಗೀರಿ" ಅಂದ.

"ಸಾಧ್ಯಾನೇ ಇಲ್ಲ! ನಿಮ್ಮ ತಕ್ಕಡಿ ಕೆಟ್ಟಿದೆ."

"ಕೆಟ್ಟಿದೆಯಾ? ಹೇಗೂ ನಿಮ್ಮನ್ನೂ ತೂಗ್ಬೇಕು. ಹತ್ತಿ, ನೋಡೇಬಿಡೋಣ."

ಹತ್ತಿದಳು. "ಎಪ್ಪತ್ತೆರಡು!" ಅಂತ ಅವನು ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿದ.

"ತಕ್ಕಡಿ ಸರಿಯಾಗೇ ಇದೆ" ಅಂತ ಮೆಲ್ಲಗೆ ಹೇಳಿ ಇಳಿದಳು.

ಬ್ಯಾಗು ಬಿಚ್ಚಿದಳು. ಬೆಲೆಚೀಟಿಯ ಸಮೇತ ಟವೆಲ್ಲು ಹೊರಬಂತು. ಆಮೇಲೆ ಬೂಟು, ಆಮೇಲೆ ಹೊದಿಕೆ. ಹಿಂದೆ ಸಾಲಿನಲ್ಲಿದ್ದ ಆರು ಜನ ಕತ್ತು ಉದ್ದ ಮಾಡಿದರು. ಮೇಸ್ತ್ರಿ ಫ್ಯಾನು ನೋಡುತ್ತಾ ನಿಂತ.

"ರೀ."

"ಹಳೇದು ತಗೊಂಡು ಹೋದೋರು ವಾಪಸ್ ಬರಲ್ಲ ಕಣೇ" ಅಂದ ಅವನು, ಫ್ಯಾನಿಗೇ. "ಇಪ್ಪತ್ತಾರು ವರ್ಷ ನೋಡಿದೀನಿ. ಒಬ್ಬರೂ ಬಂದಿಲ್ಲ."

"ಅಯ್ಯೋ ನನ್ನ ಕರ್ಮವೇ! ಬರೋವಾಗ ಐದೇ ಕಿಲೋ ರೀ, ಮಿಕ್ಕ ಜಾಗಕ್ಕೆಲ್ಲ ಒಣಮೀನು ತುಂಬ್ತಾರೆ. ಹಳೇದನ್ನ ಹರಿಯೋ ತನಕ ಹಾಕ್ಕೊಂಡು, ಅಲ್ಲೇ ಎಸೆದು, ಕೈ ಬೀಸ್ಕೊಂಡು ಮನೆಗೆ ಬರೋಣ ಅಂತಿದ್ದೆ!"

"ಹೌದು ಸ್ವಾಮಿ, ಐದೇ ಕಿಲೋ. ಗೋಡೆ ಮೇಲೆ ಬರೆದಿದೆ" ಅಂದ ತಕ್ಕಡಿಯವನು. ಅವನನ್ನು ಯಾರು ಕೇಳಿದ್ದರೋ.

"ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?" ಹೆಂಡತಿಯ ದನಿ ಏರಿತು, ಕಣ್ಣಲ್ಲಿ ನೀರು ತುಂಬಿತು. "ಮೂರು ತಿಂಗಳಿಂದ ಕಾಯ್ತಿದೀನಿ, ಈ ಮನುಷ್ಯ ಒಂದು ಸಲ ಆದ್ರೂ ಹೋಗ್ಬೇಡ ಅಂತಾನಾ ಅಂತ. ಗುಂಡುಕಲ್ಲು ಹಾಗೆ ಕೂತಿದ್ರಿ. ಇದ್ರೂ ಒಂದೇ ಹೋದ್ರೂ ಒಂದೇ ಅಂದ್ಕೊಂಡೆ."

ಮೇಸ್ತ್ರಿ ಈಗ ಫ್ಯಾನು ಬಿಟ್ಟು ಅವಳನ್ನು ನೋಡಿದ.

"ಅಂದಿದ್ರೆ ನೀನು ನಿಂತ್ಬಿಡ್ತಿದ್ದೆ."

ಹೆಂಡತಿ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟಳು. ತಾನು ಇಪ್ಪತ್ತೆರಡು ವರ್ಷ ವಾರ್ಡಿನಲ್ಲಿ ತಲೆ ತಗ್ಗಿಸಿದ್ದನ್ನು ಈ ಮನುಷ್ಯ ನೋಡಿಕೊಂಡೇ ಬಂದಿದ್ದ, ಅದು ಅವಳಿಗೆ ಗೊತ್ತೇ ಇರಲಿಲ್ಲ.

"ಈಗ ಅಂದ್ರೂ ನಿಂತ್ಬಿಡ್ತೀನಿ" ಅಂದಳು. "ಅದಕ್ಕೇ ಬಾಯಿ ಮುಚ್ಕೊಂಡಿರಿ."

ಮೇಸ್ತ್ರಿ ತಲೆಯಾಡಿಸಿ, ಮಂಡಿಯೂರಿ ಕೂತು ಬ್ಯಾಗಿಗೆ ಕೈ ಹಾಕಿದ. ಟವೆಲ್ಲು, ಹೊದಿಕೆ, ಬೂಟು ಪಕ್ಕಕ್ಕೆ ಹೋದವು. ತೂಕ ಹದಿನಾಲ್ಕು ಏಳುನೂರು. ಮುನ್ನೂರು ಗ್ರಾಂ ಮಿಕ್ಕಿತು.

"ನೈಟಿ ಎಲ್ಲಿ ರೀ?"

"ಮಂಚದ ಕೆಳಗೆ."

"ರಾತ್ರಿ ಏನು ಹಾಕ್ಕೊಳ್ಳಲಿ, ನಿಮ್ಮ ತಲೆ?"

ಮೇಸ್ತ್ರಿ ಹಿಂದೆ ಮುಂದೆ ನೋಡಲಿಲ್ಲ. ಮೈಮೇಲಿದ್ದ ಅಂಗಿಯ ಗುಂಡಿ ಬಿಚ್ಚಿದ. ಎಂಟು ವರ್ಷದ ಅಂಗಿ, ಕಾಲರು ಸವೆದು ನೂಲು ನೂಲಾಗಿತ್ತು. ಅಂಗಡಿಯವನೂ ಮಡಿಸದಷ್ಟು ನೀಟಾಗಿ ಮಡಿಸಿ ಬ್ಯಾಗಿನ ಮೇಲ್ಗಡೆ ಇಟ್ಟು ಜಿಪ್ಪು ಎಳೆದ. ತಾನು ತೂತು ಬನಿಯನ್ನಿನಲ್ಲಿ ನಿಂತ. ಮುಳ್ಳು ಹದಿನೈದಕ್ಕೆ ಬಂದು ನಿಂತಿತು.

"ಪಾಸ್!" ಅಂದ ತಕ್ಕಡಿಯವನು.

ಹೆಂಡತಿ ಅಳುತ್ತಲೇ ನಕ್ಕು, ಹೋಗಿ ವಿಮಾನ ಹತ್ತಿದಳು. ಮೇಸ್ತ್ರಿ ಬನಿಯನ್ನಿನಲ್ಲೇ ಬೇಲಿಯ ತನಕ ಹೋಗಿ, ಬಾಯಿ ಬಿಗಿ ಹಿಡಿದು ನಿಂತ. ವಿಮಾನ ಓಡಿತು, ಎದ್ದಿತು, ನೀರಿನ ಮೇಲಕ್ಕೆ ಹೋಯಿತು. ಅದರ ಸದ್ದು ಪೂರ್ತಿ ಅಡಗಿತು. ಆಗ ಅವನು ಬೇಲಿ ಹಿಡಿದುಕೊಂಡು ಗಟ್ಟಿಯಾಗಿ ಕೂಗಿದ.

"ಹೋಗ್ಬೇಡ ಕಣೇ!"

ಬೀಡಿ ಹಚ್ಚೋಕೆ ಹೊರಗೆ ಬಂದಿದ್ದ ತಕ್ಕಡಿಯವನು ಬೆಚ್ಚಿಬಿದ್ದ.

"ಹೋಗಾಯ್ತಲ್ಲ ಸ್ವಾಮಿ?"

"ಗೊತ್ತು" ಅಂದ ಮೇಸ್ತ್ರಿ. "ಹೋಗ್ಲಿ ಅಂತಾನೇ ಕಾಯ್ತಿದ್ದೆ."