ಎಡ ಮೊಣಕೈ

ಟಿಕ್ ಟಿಕ್ ಟಿಕ್, ಈ ಸಿಗ್ನಲ್ ಕಂಬ ಮತ್ತೆ ಶುರು ಹಚ್ಕೊಂಡಿತು, ಹಸಿರು ಬಿತ್ತು, ದಾಟು ಅಂತ, ಎಲ್ಲರೂ ದಾಟ್ತಾ ಇದಾರೆ, ಕಾಫಿ ಲೋಟ ಹಿಡಿದೋರು, ಸೈಕಲ್ ತಳ್ಕೊಂಡು ಹೋಗೋರು, ನಾನೊಬ್ಬಳು ಗರಬಡಿದವಳ ಹಾಗೆ ನಿಂತಿದೀನಿ — ಈ ದೇಶಕ್ಕೆ ಬಂದ ದಿನ ಇದೇನು, ರಸ್ತೇಲಿ ಗೋಡೆ ಗಡಿಯಾರ ಅಂದ್ಕೊಂಡೆ, ಮನೆ ಒಡತಿ ಹೇಳಿದ ಮೇಲೆ ಗೊತ್ತಾಗಿದ್ದು, ಕಣ್ಣು ಕಾಣದೋರಿಗೆ ಅದು, ಹೀಗೆ ಬೇಗ ಬೇಗ ಬಡ್ಕೊಂಡ್ರೆ ದಾಟಬಹುದು, ನಿಧಾನವಾಗಿ ಬಡಿದ್ರೆ ನಿಲ್ಲಬೇಕು, ಕಾಲಡಿ ಉಬ್ಬುಬ್ಬಾಗಿರೋ ಹಳದಿ ಕಲ್ಲು ಹಾಸಿರೋದೂ ಅದಕ್ಕೇ, ಎಷ್ಟು ಸಲೀಸಾಗಿ ಹೇಳಿದಳು, ಕಸದ ಡಬ್ಬಿ ಎಲ್ಲಿದೆ ಅಂತ ತೋರಿಸೋ ಹಾಗೆ, ನಾನು ಬಚ್ಚಲಿಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತುಬಿಟ್ಟೆ, ಯಾಕೆ ಅಂದ್ರೆ ಏನು ಹೇಳಲಿ, ನಾನು ಚಿಕ್ಕಂದಿನಿಂದ ಮಾಡ್ತಾ ಬಂದ ಕೆಲಸಾನ ಇಲ್ಲಿ ಒಂದು ಕಂಬ ಮಾಡುತ್ತೆ. ಗಿಣಿ, ನನ್ನ ತಂಗಿ, ಹುಟ್ಟುಗುರುಡಿ, ಅಕ್ಷರ ಕಲಿಯೋಕೆ ಮುಂಚೆ ನನ್ನ ಎಡ ಮೊಣಕೈ ಹಿಡಿಯೋದು ಕಲಿತೋಳು, ಹೆಬ್ಬೆರಳು ಹೊರಗೆ, ಉಳಿದ ಬೆರಳು ಒಳಗೆ, ನಾನು ಹೇಳ್ತಾ ಹೋಗೋದು, ಅವಳು ಅರ್ಧ ಹೆಜ್ಜೆ ಹಿಂದೆ ಬರೋದು, ಮೆಟ್ಟಿಲು, ಗುಂಡಿ, ನಾಯಿ ಮಲಗಿದೆ ಬಲಕ್ಕೆ ಬಾ, ಮೂಲೆ ಅಂಗಡಿಯವನು ತಲೆಗೆ ಬಣ್ಣ ಹಚ್ಚಿದಾನೆ ಕಣೇ, ಕಿವಿಗೂ ಮೆತ್ಕೊಂಡಿದಾನೆ, ಅಂದ್ರೆ ನಕ್ಕು ನಕ್ಕು ನನ್ನ ತೋಳೇ ಕಿತ್ತು ಬರೋ ಹಾಗೆ ಜಗ್ಗೋಳು, ನನಗೆ ರೇಡಿಯೋ ಅಂತ ಹೆಸರಿಟ್ಟವಳೂ ಅವಳೇ, ಅಮ್ಮ, ರೇಡಿಯೋ ಎಲ್ಲಿ, ರೇಡಿಯೋ ಇಲ್ಲದೆ ನಾನು ಆಚೆ ಹೋಗಲ್ಲ.

ಈಗ ರೇಡಿಯೋ ಇಲ್ಲಿ ಬಂದು ಕೂತಿದೆ, ಯಾರಿಗೂ ಬೇಡದ ರೇಡಿಯೋ. ಮೊದಲನೇ ದಿನ ಲೈಬ್ರರಿ ಮುಂದೆ ಮೆಟ್ಟಿಲು ಅಂತ ಬಾಯಿಬಿಟ್ಟು ಅಂದುಬಿಟ್ಟೆ, ಮುಂದೆ ಹೋಗ್ತಿದ್ದವನು ತಿರುಗಿ ನೋಡಿದ, ಪಕ್ಕದಲ್ಲಿ ಯಾರೂ ಇಲ್ಲ, ತಲೆ ಕೆಟ್ಟೋಳು ಅಂದ್ಕೊಂಡಿರಬೇಕು, ಅಂದ್ಕೊಳ್ಳಲಿ. ಮನೆ ಒಡತೀನೂ ಕೇಳಿದಳು, ಎಡಗೈಗೆ ಏನಾಗಿದೆ, ನೋವಾ, ಯಾಕೆ ಹಾಗೆ ಆಚೆಗೆ ಇಟ್ಕೊಂಡು ನಡೀತೀಯ ಅಂತ, ನೋಡ್ಕೊಂಡ್ರೆ ಹೌದು, ಮೊಣಕೈ ಮೈಯಿಂದ ದೂರ ನಿಂತಿದೆ, ಅದರ ಪಾಡಿಗೆ ಅದು, ಒಳಗೆ ಎಳ್ಕೊಂಡೆ, ನಾಲ್ಕು ಹೆಜ್ಜೆ ಹಾಕೋ ಹೊತ್ತಿಗೆ ಮತ್ತೆ ಆಚೆ. ಕಟ್ಟಡ ಕಟ್ಟೋ ವಿದ್ಯೆ ಕಲಿಯೋಕೆ ಬಂದೋಳು ನಾನು, ನನ್ನ ತಂಗಿಯಂಥೋರು ಯಾರ ಕೈಯೂ ಹಿಡೀದೆ ಓಡಾಡೋ ಕಟ್ಟಡ ಕಟ್ಟಬೇಕು ಅಂತ ಅರ್ಜಿಯಲ್ಲಿ ಉದ್ದಕ್ಕೆ ಬರೆದಿದ್ದೆ, ಓದಿ ಹೇಳಿದಾಗ ಗಿಣಿ ನಕ್ಕಿದ್ದಳು, ನನ್ನ ಕಣ್ಣು ತೋರಿಸಿ ಸೀಟು ಹೊಡೀತಿದೀಯಲ್ಲೇ ಅಕ್ಕ, ಡಿಗ್ರೀಲಿ ಅರ್ಧ ನಂದು. ಸೀಟು ಸಿಕ್ಕ ದಿನ ನಗಲಿಲ್ಲ. ಹೊರಟ ದಿನ ಬಾಗಿಲಲ್ಲಿ ಮೊಣಕೈ ಚಾಚಿದೆ, ಹಿಡೀಲಿಲ್ಲ, ಕೋಲು ತಟ್ಕೊಂಡು ಗೇಟಿನ ತನಕ ಒಬ್ಬಳೇ ಬಂದಳು, ಯಾಕೇ ಅಂದೆ, ಹೋಗೋಳ ಕೈ ಹಿಡಿದು ಇನ್ನೂ ಅಭ್ಯಾಸ ಮಾಡ್ಕೊಂಡು ಏನು ಮಾಡಲಿ ಅಕ್ಕ ಅಂದಳು, ದನೀಲಿ ಕೋಪ ಇರಲಿಲ್ಲ, ಕೋಪ ಇದ್ದಿದ್ರೆ ನಾನೂ ನಾಲ್ಕು ಬೈದು ಹಗುರಾಗಿ ವಿಮಾನ ಹತ್ತುತ್ತಿದ್ದೆ. ಬಂದಾಗಿನಿಂದ ಫೋನ್ ಮಾಡಿದ್ರೆ ಅಮ್ಮನೇ ತಗೊಳ್ಳೋದು, ಗಿಣಿ ಸ್ನಾನಕ್ಕೆ ಹೋಗಿದಾಳೆ, ಗಿಣಿ ಮಲಗಿದಾಳೆ, ಮತ್ತೆ ಸ್ನಾನಕ್ಕೆ ಹೋಗಿದಾಳೆ, ಇಷ್ಟು ತಿಕ್ಕಿದ್ರೆ ಚರ್ಮ ಕಿತ್ತು ಬರುತ್ತೆ ಕಣಮ್ಮ ಅಂದೆ, ಅಮ್ಮ ಊಟ ಆಯ್ತಾ ಅಂದಳು. ಆದ್ರೂ ಬಿಡಲಿಲ್ಲ ನಾನು, ನಡೀತಾ ನಡೀತಾ ಫೋನಿಗೆ ಹೇಳಿ ಹೇಳಿ ರೆಕಾರ್ಡ್ ಮಾಡಿ ಕಳಿಸ್ತಾ ಇದ್ದೆ, ಇದು ಕ್ಯಾಂಟೀನು ಗಿಣಿ, ಬಟ್ಟಲು ಬಡಿಯೋ ಸದ್ದು ಕೇಳಿಸ್ತಾ, ಇದು ನೆಲಮಾಳಿಗೆ, ಬಟ್ಟೆ ಒಗೆಯೋ ಮಷೀನು ಎಲ್ಲ ಒಟ್ಟಿಗೆ ಗೊರಕೆ ಹೊಡೀತಿವೆ, ಈಗ ಲೈಬ್ರರಿ, ಹುಷಾರು, ಮೆಟ್ಟಿಲು — ಒಂದಕ್ಕೂ ಉತ್ತರ ಇಲ್ಲ. ಮಾತಾಡೇ, ಬೈಯೋದಾದ್ರೂ ಬೈಯೇ.

ಇವತ್ತು ಕ್ಲಾಸಿಗೆ ಹೊರಟಾಗ ಇದೇ ಕಂಬದ ಹತ್ತಿರ ಒಬ್ಬಳು ನಿಂತಿದ್ದಳು, ಬೆನ್ನಿಗೆ ಚೀಲ, ಕೈಯಲ್ಲಿ ಬಿಳಿ ಕೋಲು, ಗಿಣಿಯ ವಯಸ್ಸೇ, ಕತ್ತು ವಾಲಿಸಿ ಕೇಳೋದೂ ಗಿಣಿಯ ಹಾಗೇ, ಹಿಂದೆ ಮುಂದೆ ನೋಡದೆ ಹೋಗಿ ಅವಳ ಕೈ ಎತ್ತಿ ನನ್ನ ಮೊಣಕೈ ಮೇಲೆ ಇಟ್ಕೊಂಡುಬಿಟ್ಟೆ, ಬಾ, ನಾನಿದೀನಿ, ಅಂತ ನಮ್ಮ ಭಾಷೇಲೇ ಅಂದೆ, ಅವಳು ಬೆಚ್ಚಿಬಿದ್ದಳು, ಆಮೇಲೆ ಮೆಲ್ಲಗೆ ಕೈ ಬಿಡಿಸ್ಕೊಂಡಳು, ಥ್ಯಾಂಕ್ಸ್, ನನಗೆ ಈ ದಾರಿ ಗೊತ್ತು, ನಿಮಗೆ ದಾರಿ ತಪ್ಪಿದೆಯಾ, ಎಲ್ಲಿಗೆ ಹೋಗಬೇಕಿತ್ತು? ನನ್ನನ್ನ ಕೇಳ್ತಾಳೆ, ನನ್ನನ್ನ. ಟಿಕ್ ಟಿಕ್ ಅಂತು, ಸರಸರ ದಾಟಿ ಹೋದಳು, ನಾಚಿಕೆಯಿಂದ ಸತ್ತೇ ಹೋದೆ, ಅದೇ ಹೊತ್ತಿಗೆ ಫೋನ್ ಅಲ್ಲಾಡ್ತು, ಗಿಣಿ ಕಳಿಸಿದ್ದು, ಗಿಣಿಯ ದನಿ, ಬಂದ ಮೇಲೆ ಮೊದಲನೇ ಸಲ, ಕಿವಿಗೆ ಒತ್ತಿ ಹಿಡ್ಕೊಂಡೆ, ಅಕ್ಕ, ನೀನು ಕಳಿಸಿದ್ದೆಲ್ಲ ಕೇಳಿದೆ, ಒಂದೊಂದನ್ನೂ ತಿರುಗಿಸಿ ತಿರುಗಿಸಿ ಕೇಳಿದೆ, ಇನ್ನು ಕಳಿಸಬೇಡ, ನಿನ್ನೆ ನಿನ್ನ ದನಿ ಕಿವೀಲಿ ಇಟ್ಕೊಂಡು ಹಜಾರದಲ್ಲಿ ನಡೀತಿದ್ದೆ, ನೀನು ಮೆಟ್ಟಿಲು ಅಂದೆ, ನಾನು ಕಾಲೆತ್ತಿದೆ, ನಿನ್ನ ಮೊಣಕೈಗೆ ಕೈ ಹಾಕಿದೆ, ಮೆಟ್ಟಿಲೂ ಇರಲಿಲ್ಲ, ನೀನೂ ಇರಲಿಲ್ಲ, ಬಿದ್ದೆ, ತುಟಿ ಒಡೀತು, ಅಮ್ಮಂಗೆ ಬಾಗಿಲು ತಾಗಿತು ಅಂದಿದೀನಿ, ನೀನು ಚೆನ್ನಾಗಿ ಓದು, ರೇಡಿಯೋ ಆಫ್ ಮಾಡು ಅಕ್ಕ.

ಅಷ್ಟೇ. ಮತ್ತೆ ಹಾಕಿ ಕೇಳಿದೆ, ಅಷ್ಟೇ, ಕೊನೇಲಿ ಮೂಗು ಎಳ್ಕೊಂಡಿದಾಳೆ, ಅತ್ತಿದಾಳೆ, ಅಲ್ಲಿಗೆ ನಿಲ್ಲುತ್ತೆ. ಆಗಿನಿಂದ ಇಲ್ಲೇ ಇದೀನಿ, ಹಸಿರು ಬೀಳುತ್ತೆ, ಹೋಗುತ್ತೆ, ಕ್ಲಾಸ್ ಶುರುವಾಗಿರುತ್ತೆ, ಆಗಲಿ, ಉತ್ತರ ಕಳಿಸೋಣ ಅಂತ ಫೋನಿನ ಗುಂಡಿ ಒತ್ತಿ ಹಿಡಿದೆ, ಬಾಯಿಗೆ ಬಂದಿದ್ದೆಲ್ಲ ಹೇಳೋ ನಾನು, ಏನು ಹೇಳಿದ್ರೂ ಅವಳು ಹಿಂದೇನೇ ಬರ್ತಾಳೆ, ಬೀಳ್ತಾಳೆ, ಗುಂಡಿ ಬಿಟ್ಟೆ, ಕಂಬದ ಟಿಕ್ ಟಿಕ್ ಒಂದೇ ಹೋಗಿರಬೇಕು ಅವಳಿಗೆ, ಅಲ್ಲಿ ಹಜಾರದಲ್ಲಿ ಅವಳ ಕೈ ಚಾಚಿದೆ, ಇಲ್ಲಿ ನನ್ನದು, ಒಳಗೆ ಎಳ್ಕೋಬೇಕು, ಎಳ್ಕೋ, ದಾಟಬೇಕು, ರಸ್ತೆ ಆಚೆ ಮೆಟ್ಟಿಲಿದೆ — ಶ್, ಹೇಳಬೇಡ, ಕಾಲೆತ್ತುತ್ತಾಳೆ — ಎಡ ಮೊಣಕೈ, ಮೈಯಿಂದ ಆಚೆ, ಹಾಗೇ, ಎಡ ಮೊಣಕೈ