ಲಕೋಟೆಗೆ ಹೋದ ನಕಲು

ಕೆಟಲಿನ ಹಬೆಗೆ ಹಿಡಿದ ಲಕೋಟೆಯ ಅಂಟು ಮೆಲ್ಲಗೆ ಬಿಟ್ಟುಕೊಂಡಿತು. ಕಾಗದವನ್ನು ಹೊರಗೆಳೆಯುವ ಮುನ್ನ ಟೈಪಿಸ್ಟ್ ಹೆಂಗಸು ಹಿಂಬದಿಯ ವಿಳಾಸವನ್ನು ಮತ್ತೊಮ್ಮೆ ನೋಡಿದಳು. ಸರಕಾರ ಕಣ್ಣಿಟ್ಟಿದ್ದ ಲೇಖಕನೊಬ್ಬನಿಗೆ ಅವನ ಅಕ್ಕ ಬರೆದಿದ್ದಳು. ಆರು ವರ್ಷದಲ್ಲಿ ಇದೇ ಮೊದಲು.

"ಯಾರದಮ್ಮಾ ಅದು?" ಎದುರು ಮೇಜಿನಿಂದ ಗೋಂದಣ್ಣ ಕೇಳಿದ. ಬಿಚ್ಚಿದ ಕಾಗದಗಳನ್ನು ಗುರುತು ಸಿಗದಂತೆ ಮತ್ತೆ ಅಂಟಿಸುವುದು ಅವನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಅಂಟಿಸುವ ಮುನ್ನ ಪ್ರತಿ ಕಾಗದದ ನಕಲನ್ನು ಫೈಲಿಗೆಂದು ಟೈಪ್ ಮಾಡಿಡುವುದು ಅವಳ ಕೆಲಸ.

"ನಮ್ಮ ಅಕ್ಕಂದು" ಎಂದವಳು ನಾಲಿಗೆ ಕಚ್ಚಿಕೊಂಡಳು.

"ನಮ್ಮ ಅಕ್ಕ ಅಂತೆ! ಕದ್ದು ಓದೋದರಲ್ಲೂ ನೆಂಟಸ್ತನ ಬೆಳೆಸಿಬಿಟ್ಯಲ್ಲ ತಾಯೀ."

ಈ ಲೇಖಕನ ಬಗ್ಗೆ ಸರಕಾರಕ್ಕೆ ಒಂದೇ ಸಂಗತಿ ಬೇಕಿತ್ತು. ಕ್ರೈಸ್ತ ಧರ್ಮದ ಬಗ್ಗೆ ನಿಲುವು: ಪರವೋ, ವಿರೋಧವೋ. ತನ್ನ ತಾಯಿ ನರಳಿ ನರಳಿ ಸಾಯುವಾಗ ಏಸು ಎಲ್ಲಿದ್ದ ಎಂದು ಕೇಳಿ ಅವನೊಂದು ಪುಸ್ತಕ ಬರೆದಿದ್ದ. ಕನ್ಯಾಸ್ತ್ರೀಯಾಗಿದ್ದ ಅಕ್ಕ ಅಂದೇ ಮಾತು ಬಿಟ್ಟಳು. ಅವನು ಮಾತ್ರ ತಿಂಗಳಿಗೊಂದು ಕಾಗದ ಹಾಕುತ್ತಲೇ ಇದ್ದ. 'ಏಸು ಸತ್ತು ಎದ್ದ ಮೇಲೆ, ತನ್ನನ್ನು ಬಿಟ್ಟು ಓಡಿಹೋದ ಶಿಷ್ಯರಿಗಾಗಿ ದಡದಲ್ಲಿ ಬೆಂಕಿ ಹಾಕಿ, ಮೀನು ಸುಟ್ಟು ಕಾದಿದ್ದನಂತೆ ಅಕ್ಕಾ. ಯಾಕೆ ಓಡಿದಿರಿ ಎಂದು ಕೇಳಲಿಲ್ಲವಂತೆ. ನನಗೆ ನಂಬಿಕೆ ಬರುವುದಿಲ್ಲ. ಆದರೆ ಓದಿದಾಗಲೆಲ್ಲ ಹಸಿವಾಗುತ್ತದೆ.'

ಇದನ್ನು ಯಾವ ಕಡೆ ಸೇರಿಸುವುದು? ಆಕೆ ಪ್ರತಿ ಸಲವೂ 'ಸ್ಪಷ್ಟವಿಲ್ಲ' ಎಂದು ಟೈಪ್ ಮಾಡುತ್ತಿದ್ದಳು. ಹೋದ ತಿಂಗಳು ಸಾಹೇಬರು ತಲೆಯ ಮೇಲೇ ಬಂದು ನಿಂತಿದ್ದರು. "ಆರು ವರ್ಷದಿಂದ ಸ್ಪಷ್ಟವಿಲ್ಲ ಅಂದ್ರೆ ಇಲ್ಲಿ ಕೂತು ಕತ್ತೆ ಕಾಯ್ತಿದೀರೇನ್ರೀ?" ಅವರು ಅತ್ತ ಹೋದ ಮೇಲೆ ಅವಸರದಲ್ಲಿ ಎಲ್ಲವನ್ನೂ ಮಡಚಿ ಕಳಿಸಿದ್ದಳು.

ಈಗ ಅಕ್ಕನ ಕಾಗದ ಬಿಡಿಸಿದಳು.

'ತಮ್ಮಾ, ಈ ಸಲ ಟೈಪ್ ಮಾಡಿಸಿ ಕಳಿಸಿದ್ದೀಯ. ಕೈಗೆ ಏನಾಯಿತು? ನಿನ್ನ ಎಲ್ಲ ಕಾಗದ ಓದಿದ್ದೇನೆ. ಉತ್ತರ ಬರೆಯಲು ಕೂತರೆ ಸಿಟ್ಟು ಬರುತ್ತಿತ್ತು; ಸಿಟ್ಟು ಇಳಿದ ಮೇಲೆ ನಾಚಿಕೆ. ನಿನ್ನ ಅಕ್ಷರ ಕಾಣದೆ ಮೂರು ದಿನದಿಂದ ಊಟ ಸೇರುತ್ತಿಲ್ಲ. ಎರಡೇ ಸಾಲಾಗಲಿ, ಕೈಯಲ್ಲಿ ಬರೆ.'

ಅವಳು ಕಾಗದ ಕೆಳಗಿಟ್ಟಳು. ಫೈಲು ತೆಗೆದು ನೋಡಿದರೆ ನಕಲು ಇರಬೇಕಾದ ಜಾಗದಲ್ಲಿ ಅವನ ದುಂಡನೆಯ ಕೈಬರಹ ಇತ್ತು. ನಕಲು ಲಕೋಟೆಗೆ ಹೋಗಿತ್ತು.

ಗೋಂದಣ್ಣ ಎದ್ದು ಬಂದು ಎರಡನ್ನೂ ನೋಡಿದ. "ಸಾಹೇಬರಿಗೆ ಕೊಟ್ಟುಬಿಡಮ್ಮಾ. ತಪ್ಪಾಯ್ತು ಅನ್ನು, ಬೈಸಿಕೊಂಡು ಮುಗಿಸು. ಅಕ್ಕನ ಕಾಗದವೇನಾದ್ರೂ ಆ ಲೇಖಕನ ಕೈಗೆ ಸಿಕ್ತೋ, ನಾನು ಟೈಪ್ ಮಾಡಿಸಲೇ ಇಲ್ಲವಲ್ಲ ಅಂತಾನೆ. ನಿನ್ನ ಕೆಲಸ ಹೋದ ಹಾಗೇ."

"ಕೊಟ್ಟರೆ ಅವರು ಕಪಾಟಿಗೆ ಹಾಕ್ತಾರೆ. ಅಲ್ಲಿ ಅಕ್ಕ ಕಾಯ್ತಾನೇ ಇರ್ತಾಳೆ."

ಅವನು ತನ್ನ ಮೇಜಿಗೆ ಹೋಗಿ ಕೂತ.

"ಗೋಂದಣ್ಣ, ನೀವು ಮನೆಗೆ ಕಾಗದ ಬರೀತೀರಾ?"

"ನಂಗೇನು ಹುಚ್ಚಾ? ಬಿಚ್ಚೋರು ಯಾರು ಅಂತ ಗೊತ್ತಿದ್ದೂ ಬರೀತಾರಾ?"

ಅವಳೂ ಬರೆದಿರಲಿಲ್ಲ. ಈ ಕೋಣೆಗೆ ಬಂದ ಮೇಲೆ, ದೂರದಲ್ಲಿದ್ದ ಅಮ್ಮನಿಗೆ ಒಂದು ಸಾಲೂ ಇಲ್ಲ. ಹೋಗಿಬರುವವರ ಬಾಯಲ್ಲಿ ಅಮ್ಮ ಹೇಳಿಕಳಿಸುತ್ತಿದ್ದಳು: ಚೆನ್ನಾಗಿದ್ದೀನಿ ಅಂತಲಾದರೂ ಬರೆಯಲಿ.

ಅಕ್ಕನ ಕಾಗದವನ್ನು ಟೈಪ್ ಮಾಡದೆಯೇ ಮಡಚಿ ಲಕೋಟೆಗೆ ಸೇರಿಸಿ ಗೋಂದಣ್ಣನ ಮುಂದಿಟ್ಟಳು. ಹೊಸದೊಂದು ಲಕೋಟೆಗೆ ಅಕ್ಕನ ವಿಳಾಸ ಬರೆದು, ಫೈಲಿನಲ್ಲಿದ್ದ ಕೈಬರಹವನ್ನು ಅದರೊಳಗಿಟ್ಟು, ಅದನ್ನೂ ಮುಂದಿಟ್ಟಳು.

ಗೋಂದಣ್ಣ ಬಾಗಿಲ ಕಡೆ ನೋಡಿದ. ಆಮೇಲೆ ಮೂಗಿನ ಮೇಲಿದ್ದ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. "ಇವತ್ತು ನಂಗೆ ಒಂದೂ ಸರಿಯಾಗಿ ಕಾಣ್ತಿಲ್ಲಮ್ಮ" ಎಂದು ಬ್ರಷ್ಷನ್ನು ಗೋಂದಿಗೆ ಅದ್ದಿದ.

ಅವಳು ಬಿಳಿ ಹಾಳೆಯೊಂದನ್ನು ತೆಗೆದುಕೊಂಡಳು. ಯಂತ್ರಕ್ಕೆ ಏರಿಸದೆ ಮೇಜಿನ ಮೇಲೆ ಹರಡಿದಳು. ಪೆನ್ನು ಎಷ್ಟೋ ದಿನದಿಂದ ಬರೆಯದೆ ಒಣಗಿತ್ತು. ಹಾಳೆಯ ಮೂಲೆಯಲ್ಲಿ ಗೀಚಿದಳು, ನಿಬ್ಬಿಗೆ ಬಾಯಿಯ ಉಸಿರು ಕೊಟ್ಟು ಮತ್ತೆ ಗೀಚಿದಳು. ಕೆಟಲಿನ ಸದ್ದು ನಿಂತಿತ್ತು. ಗೆರೆಯ ಕೊನೆಯಲ್ಲಿ ಸ್ವಲ್ಪ ನೀಲಿ ಕಾಣಿಸಿತು.