ಹಸಿರು ನೀರು

ಗುಬ್ಬಿಯಿಂದ ಎರಡು ಮೈಲಿ ಆಚೆ, ತೆಂಗಿನ ತೋಟಕ್ಕೆ ಅಂಟಿಕೊಂಡ ಮನೆಯೊಂದರಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಇತ್ತು. ಅದರ ಕೆಂಪು ಬಣ್ಣ ಬಿಸಿಲು ತಿಂದು ತಿಂದು ಹಳೇ ಮೆಣಸಿನಕಾಯಿಯ ಹಾಗಾಗಿತ್ತು. ಮನೆಯೊಡತಿ ಗಂಗಲಕ್ಷ್ಮಮ್ಮನ ಮಗ ಕೃಷ್ಣಕುಮಾರನಿಗಿಂತ ಅದಕ್ಕೆ ಒಂದು ವರ್ಷ ಹೆಚ್ಚೇ ವಯಸ್ಸು.

ಸೊಸೆ ಸಂಧ್ಯಾ ಕುಣಿಗಲ್ ಕಡೆಯಿಂದ ಬಂದವಳು. ಮದುವೆಯಾದಾಗ ಅವಳಿಗೆ ಸೈಕಲ್ ಬಿಟ್ಟರೆ ಬೇರೆ ಗಾಡಿ ಗೊತ್ತಿರಲಿಲ್ಲ. ಮಾವ ಚಿಕ್ಕರಂಗಯ್ಯನವರೇ ಅವಳನ್ನು ಸೀಟಿನ ಮೇಲೆ ಕೂರಿಸಿ, ಪಕ್ಕದಲ್ಲಿ ನಿಂತು, ಬೈದು ನಕ್ಕು ಉಳುಮೆ ಕಲಿಸಿದರು. ಅವರು ತೀರಿಕೊಂಡು ಮೂರು ವರ್ಷವಾಯಿತು. ಈಗ ಮನೆಯ ರಾಗಿ ಹೊಲವನ್ನೂ ಅಕ್ಕಪಕ್ಕದವರ ಹೊಲವನ್ನೂ ಉಳುವವಳು ಸಂಧ್ಯಾಳೇ. ನೇಗಿಲು ಮಣ್ಣನ್ನು ಮಗುಚುತ್ತಾ ಹೋದರೆ ಬೆಳ್ಳಕ್ಕಿಗಳು ಹುಳ ಹೆಕ್ಕಲು ಹಿಂದಿಂದೆಯೇ ಬರುತ್ತಿದ್ದವು. ಆಗ ಅವಳಿಗೆ ತಾನು ಯಾವುದೋ ಸೀಮೆಯ ರಾಣಿ, ಬಿಳಿ ಬಟ್ಟೆಯ ಪರಿವಾರ ತನ್ನ ಹಿಂದೆ ಬರುತ್ತಿದೆ ಅನ್ನಿಸುತ್ತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಈ ಮುಂಗಾರಿನಲ್ಲಿ ಗಾಡಿ ಎರಡು ಸಲ ಬಿಸಿಯಾಗಿ ನಿಂತಿತ್ತು. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಕೃಷ್ಣಕುಮಾರ ಎರಡನೆಯ ಸಲ ನಿಂತ ದಿನವೇ ಹೇಳಿದ್ದ.

"ರೇಡಿಯೇಟರ್ ಮುಚ್ಚಳ ಹಾರಿ ನಮ್ಮಪ್ಪನ ಕೈ ಮೊಣಕೈವರೆಗೂ ಸುಲಿದಿದ್ದು ನಾನು ಕಣ್ಣಾರೆ ನೋಡಿದೀನಿ. ನಿಂಗೆ ಹಂಗಾಗೋದು ಬೇಡ. ಇನ್ನೊಂದ್ಸಲ ಬಿಸಿಯಾದ್ರೆ ಗುಜರಿಗೆ ಹಾಕ್ಬಿಡ್ತೀನಿ, ಆಮೇಲೆ ಅಳ್ಬೇಡ."

ಸಂಧ್ಯಾ ಹೂಂ ಅಂದಿದ್ದಳು. ಅಂದವಳು ಮಾರನೆಯ ದಿನವೇ ಗುಬ್ಬಿಯ ಮೆಕ್ಯಾನಿಕ್ ರಾಮಾಂಜಿನಯ್ಯನ ಹತ್ತಿರ ಹೋಗಿ ರೇಡಿಯೇಟರ್ ತೊಳೆಸಿ, ಫ್ಯಾನ್ ಬೆಲ್ಟ್ ಬಿಗಿ ಮಾಡಿಸಿ, ಎಂಜಿನ್ ತಣ್ಣಗಿಡುವ ಹಸಿರು ಬಣ್ಣದ ಕೂಲೆಂಟ್ ತುಂಬಿಸಿಕೊಂಡು ಬಂದಳು. ಒಂದು ವಾರ ಬಿಸಿ ತೋರಿಸುವ ಮೀಟರಿನ ಮುಳ್ಳು ಹೇಳಿದ ಮಾತು ಕೇಳಿತು.

ಭಾನುವಾರ ಬೆಳಗ್ಗೆ ಮನೆ ಹಿಂದಿನ ಹೊಲಕ್ಕೆ ಇಳಿದು ಮೂರನೆಯ ಸುತ್ತು ತಿರುಗುವಷ್ಟರಲ್ಲಿ ಮುಳ್ಳು ಸರಸರನೆ ಕೆಂಪಿಗೆ ಏರಿತು. ಬಾನೆಟ್ ಸಂದಿಯಿಂದ ಹಬೆ ಬುಸುಗುಟ್ಟಿತು. ಬದುವಿನ ಮೇಲಿದ್ದ ಕೃಷ್ಣಕುಮಾರ ಓಡಿ ಬಂದು ಅವಳನ್ನು ಇಳಿಸಿಕೊಂಡ. ಮೊದಲು ಅವಳ ಎರಡೂ ಕೈ ತಿರುಗಿಸಿ ನೋಡಿದ. ಆಮೇಲೆ ಫೋನ್ ತೆಗೆದು ಗುಜರಿಯವನಿಗೆ ಸಾಯಂಕಾಲ ಬರಲು ಹೇಳಿ, ರಸ್ತೆ ಕಡೆ ನಡೆದುಬಿಟ್ಟ.

ಸಂಧ್ಯಾ ಎಂಜಿನ್ ತಣ್ಣಗಾಗುವವರೆಗೆ ತೆಂಗಿನ ಮರದ ಬುಡದಲ್ಲಿ ಕೂತಳು. ಒಂದು ಗಂಟೆಯ ಮೇಲೆ ಒದ್ದೆ ಗೋಣಿ ಹಾಕಿ ಮುಚ್ಚಳ ತೆಗೆದರೆ, ಹಸಿರು ನೀರೇ ಇಲ್ಲ! ತಳದಲ್ಲೆಲ್ಲೋ ತುಕ್ಕಿನ ಬಣ್ಣದ ನೀರು ಅಲ್ಲಾಡುತ್ತಿತ್ತು. ಬಗ್ಗಿ ನೋಡಿದಳು. ರೇಡಿಯೇಟರಿನ ಕೆಳಗಿನ ಪುಟ್ಟ ನಲ್ಲಿ ತೊಟಕ್ ತೊಟಕ್ ಅನ್ನುತ್ತಿತ್ತು.

"ಅತ್ತೆ, ಈ ನಲ್ಲಿ ಯಾರಾದ್ರೂ ಮುಟ್ಟಿದ್ರಾ?"

ಗಂಗಲಕ್ಷ್ಮಮ್ಮ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದರು. "ನಾನೇ ಕಣವ್ವ. ನಿನ್ನೆ ಸಂಜೆ ಮುಚ್ಚಳ ತೆಗುದ್ ನೋಡ್ತೀನಿ, ಒಳಗೆಲ್ಲಾ ಪಾಚಿ ಕಟ್ಕೊಂಡದೆ. ತೊಟ್ಟಿ ನೀರು ಹಸುರಾದ್ರೆ ದನಕ್ಕೆ ಕುಡಿಸ್ತೀವಾ? ಬಸಿದ್ಬುಟ್ಟು, ಬೋರ್ ನೀರು ಎರಡು ಬಿಂದಿಗೆ ಹುಯ್ದೆ. ನಿಮ್ಮಾವ ದಿನಾ ಹುಯ್ತಿರ್ಲಿಲ್ವಾ?"

"ಅದು ಪಾಚಿ ಅಲ್ಲ ಅತ್ತೆ, ಔಷಧಿ!"

"ಔಷಧಿಯಾ!" ಅವರ ದನಿ ಕುಸಿಯಿತು. "ಹಂಗಾರೆ ಅವರ ಗಾಡಿ ಗುಜರಿಗೆ ಹೋಗದು ನನ್ ಕೈಯಿಂದ್ಲಾ, ಮಗಾ?"

ಸಂಧ್ಯಾಳ ಬಾಯಿಗೆ ಬಂದ ಸಿಟ್ಟು ಅಲ್ಲೇ ಕರಗಿತು. ಅವಳು ರಾಮಾಂಜಿನಯ್ಯನಿಗೆ ಫೋನ್ ಮಾಡಿದಳು.

"ಮೊದ್ಲು ಆಯಿಲ್ ಕಡ್ಡಿ ಎಳ್ದು ನೋಡು ತಾಯಿ," ಅಂದ ಅವನು. "ಆಯಿಲ್ ಕಪ್ಪಗಿದ್ರೆ ಗಾಡಿ ಬದುಕ್ತು. ಹಾಲು ಹಾಕಿದ ಕಾಫಿ ಥರ ಇದ್ರೆ ನೀರು ಎಂಜಿನ್ ಒಳಕ್ಕಿಳಿದೈತೆ. ಆಗ ನನ್ನ ಕರೀಬೇಡ, ಗುಜರಿಯವನ್ಗೇ ಟೀ ಕಾಸು."

ಸಂಧ್ಯಾ ಕಡ್ಡಿ ಎಳೆದು, ನೋಡದೆಯೇ ಒರೆಸಿ, ಮತ್ತೆ ಇಳಿಸಿದಳು. ಇನ್ನೊಮ್ಮೆ ಎಳೆಯಲು ಮಾತ್ರ ಕೈ ಬರಲಿಲ್ಲ. ಅತ್ತೆ ಅವಳ ಕೈ ಮೇಲೆ ಕೈಯಿಟ್ಟರು. ಇಬ್ಬರೂ ಸೇರಿ ಎಳೆದರು. ಗಂಗಲಕ್ಷ್ಮಮ್ಮ ತುದಿಯನ್ನು ಬೆರಳಲ್ಲಿ ಉಜ್ಜಿ ಬಿಸಿಲಿಗೆ ಹಿಡಿದರು.

"ಕಾಡಿಗೆ ಕಣವ್ವ! ಒಳ್ಳೆ ಕಾಡಿಗೆ!"

ಆಮೇಲಿನ ಕೆಲಸದಲ್ಲಿ ಇಬ್ಬರಿಗೂ ಮೈಮೇಲೆ ಎಚ್ಚರವಿರಲಿಲ್ಲ. ತುಕ್ಕು ನೀರು ಬಸಿದು, ಎರಡು ಸಲ ತೊಳೆದು, ಅತ್ತೆ ಸಡಿಲ ಬಿಟ್ಟಿದ್ದ ನಲ್ಲಿಯನ್ನು ಸ್ಪ್ಯಾನರ್ ಹಾಕಿ ಬಿಗಿ ಮಾಡಿದರು. ಗುಬ್ಬಿಯಿಂದ ತಂದ ಕ್ಯಾನಿನಲ್ಲಿ ಕೂಲೆಂಟ್ ಇನ್ನೂ ಉಳಿದಿತ್ತು. ಅದಕ್ಕೆ ಬೆರೆಸಲು ಬೋರ್ ನೀರು ಬೇಡ, ಉಪ್ಪು ಕಟ್ಟುತ್ತದೆ, ಬ್ಯಾಟರಿ ನೀರೋ ಶುದ್ಧ ಮಳೆ ನೀರೋ ಆಗಬೇಕು ಅಂದಿದ್ದ ರಾಮಾಂಜಿನಯ್ಯ.

ಮಳೆ ನೀರು ಅಡುಗೆಮನೆಯ ಮೂಲೆಯ ಹಂಡೆಯಲ್ಲಿತ್ತು. ಬೋರ್ ನೀರಿಗೆ ತೊಗರಿಬೇಳೆ ಬೇಯದು ಅಂತ ಗಂಗಲಕ್ಷ್ಮಮ್ಮ ಹಿಡಿದಿಟ್ಟದ್ದು. ನೆಂಟರು ಕೇಳಿದರೂ ಒಂದು ಲೋಟ ಕೊಟ್ಟವರಲ್ಲ. ಈಗ ಅವರೇ ಹಂಡೆ ಎತ್ತಿಕೊಂಡು ಬಂದು, ಬಿಳಿ ಬಟ್ಟೆ ಕಟ್ಟಿ ಸೋಸಿ ಸೋಸಿ ಸುರಿದರು. "ಬೇಳೆ ಒಂದು ವಾರ ಬೇಯದಿದ್ರೆ ಬೇಯದೆ ಹೋಗ್ಲಿ ಬುಡು."

ಸಾಯಂಕಾಲ ಕೃಷ್ಣಕುಮಾರ ಬರುವ ಹೊತ್ತಿಗೆ ತಾಯಿ ಟ್ರ್ಯಾಕ್ಟರಿನ ಮುಂದೆಯೇ ನಿಂತಿದ್ದರು.

"ತಪ್ಪು ನಂದು ಕಣ್ಲಾ. ಇವಳ್ದೂ ಅಲ್ಲ, ಗಾಡೀದೂ ಅಲ್ಲ." ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು.

ಅವನು ಹಣೆ ಹಿಡಿದುಕೊಂಡ. "ಏನಮ್ಮ ನೀನು! ಸದ್ಯ, ದನಕ್ಕಿಡೋ ಕಲಗಚ್ಚು ಕುಡಿಸ್ಲಿಲ್ವಲ್ಲ." ಸಂಧ್ಯಾ ಕಡೆ ತಿರುಗಿದ. ಅವಳ ಕೆನ್ನೆಯ ಮೇಲೆ ತುಕ್ಕಿನ ಗೆರೆ, ಕಣ್ಣಲ್ಲಿ ಒಂದೇ ಒಂದು ಬೇಡಿಕೆ. "ಆರು ಸುತ್ತು," ಅಂದ. "ಮಡ್‌ಗಾರ್ಡ್ ಮೇಲೆ ನಾನೇ ಕೂರ್ತೀನಿ. ಮುಳ್ಳು ಕೆಂಪಿಗೆ ಹೋದ್ರೆ ಇಬ್ರೂ ಬಾಯ್ ಬಿಡಂಗಿಲ್ಲ."

ಮೂರನೆಯ ಸುತ್ತಿಗೆ ಸಂಧ್ಯಾ ಮೀಟರಿನಿಂದ ಕಣ್ಣು ಕೀಳಲಿಲ್ಲ. ಮುಳ್ಳು ನಡುವಿನವರೆಗೆ ಏರಿ, ಅಲ್ಲೇ ನಿಂತಿತು. ನಾಲ್ಕಾಯಿತು, ಐದಾಯಿತು. ಆರು ಮುಗಿದರೂ ಅವನು ಇಳಿಯಲಿಲ್ಲ.

"ರೀ, ಆರಾಯ್ತು."

"ಗೊತ್ತು, ಓಡ್ಸು," ಅನ್ನುತ್ತಾ ಫೋನ್ ಕಿವಿಗಿಟ್ಟುಕೊಂಡ. "ಹಲೋ, ಗುಜರಿ ಅಣ್ಣಾ, ಬರ್ಬೇಡಿ. ಇಲ್ಲ, ಮುಂದಿನ ವಾರಾನೂ ಬೇಡ."

ಬದುವಿನ ಹತ್ತಿರ ಗಾಡಿ ನಿಂತಾಗ ಗಂಗಲಕ್ಷ್ಮಮ್ಮ ಬಾನೆಟ್ ಮೇಲೆ ಅಂಗೈಯಿಟ್ಟು ಕೇಳಿದರು. "ಈ ಔಷಧಿ ಎಷ್ಟು ದಿನ ಬರ್ತದೆ?"

"ಎರಡು ವರ್ಷ ಅತ್ತೆ."

"ಎರಡು ವರ್ಷ ನೀರೇ ಕೇಳದಿಲ್ವಾ?" ಅವರ ಮುಖ ಸಣ್ಣಗಾಯಿತು.

ಸಂಧ್ಯಾ ಇಳಿದು ಬಂದು ಅವರ ಪಕ್ಕ ನಿಂತಳು. "ಮಟ್ಟ ಕಮ್ಮಿಯಾಗಿದೆಯಾ ಅಂತ ದಿನಾ ಬೆಳಗ್ಗೆ, ಗಾಡಿ ತಣ್ಣಗಿದ್ದಾಗ, ಮುಚ್ಚಳ ತೆಗೆದು ನೋಡ್ಬೇಕಂತೆ. ನಂಗೆ ಆ ಹೊತ್ನಲ್ಲಿ ಪುರುಸೊತ್ತಿರಲ್ಲ."

"ನಾನ್ ನೋಡ್ತೀನಿ ಬುಡು," ಅಂದರು ಗಂಗಲಕ್ಷ್ಮಮ್ಮ.